ಗೊಂಬೆ ಮೆಟ್ಟಿಲ ಮೇಲೆ ಗಡಿ ಕಾದವರು

ಚೀನಾದ ಕುದುರೆ ಸವಾರರು ನಮ್ಮ ಮನೆ ಹೊಕ್ಕಿದ್ದು ಹಿತ್ತಲ ಗೋಡೆಯ ಮೇಲಿಂದ. ಅದೂ ಕೊರೊನಾ ಕಾಲದಲ್ಲಿ, ಬಾಗಿಲಿಗೆ ಬಂದವರೆಲ್ಲ ಪಾರ್ಸೆಲ್ ಇಟ್ಟು ಎರಡು ಮಾರು ದೂರ ಸರಿದು ನಿಲ್ಲುತ್ತಿದ್ದ ದಿನಗಳಲ್ಲಿ. ಈಗಲೂ ಅದನ್ನು ನೆನೆಸಿಕೊಂಡರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ನಾವಿದ್ದದ್ದು ಡಬ್ಲಿನ್ ಪಕ್ಕದ ಸ್ವೋರ್ಡ್ಸ್‌ನ ಒಂದು ಎಸ್ಟೇಟಿನಲ್ಲಿ. ಇಲ್ಲಿ ಎಸ್ಟೇಟ್ ಅಂದರೆ ಕಾಫಿ ತೋಟವಲ್ಲ, ಒಂದೇ ಅಚ್ಚಿನಲ್ಲಿ ಒತ್ತಿದಂಥ ಮನೆಗಳ ಬಡಾವಣೆ. ಅತ್ತೆ ಮೈಸೂರಿನಿಂದ ಮೂರು ತಿಂಗಳಿಗೆಂದು ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಹಾಕಿಕೊಂಡಿದ್ದರು. ಗಂಡ ಮಹಡಿಯ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತ, ನಾನು ಅಡುಗೆಮನೆಯ ಮೇಜಿನ ಮುಂದೆ, ಮಗಳು ಸೋಫಾದ ಮೇಲೆ. ಕೆಲಸವಿಲ್ಲದೆ ಉಳಿದವರು ಅತ್ತೆ ಒಬ್ಬರೇ. ನಾನು ಆಫೀಸಿನ ಮೀಟಿಂಗಿನಲ್ಲಿ ಬಾಯಿ ತೆರೆದರೆ ಸಾಕು, ಹಿಂದಿನಿಂದ "ಸಾರಿಗೆ ಇಂಗು ಹಾಕಿದ್ಯೇನೇ?" ಅಂತ ಪ್ರಶ್ನೆ ಬರುತ್ತಿತ್ತು. ನಾನೂ ಸುಮ್ಮನಿರುವವಳಲ್ಲ. ಮ್ಯೂಟ್ ಒತ್ತಿ, ಒಂದಕ್ಕೆ ಎರಡು ಸೇರಿಸಿ ಉತ್ತರ ಕೊಟ್ಟು, ಮತ್ತೆ ಮ್ಯೂಟ್ ತೆಗೆದು ನಗುಮುಖದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ರಿಪೋರ್ಟ್ ಓದುತ್ತಿದ್ದೆ.

ಪಕ್ಕದ ಮನೆಯಲ್ಲಿ ಚೀನಾದ ಒಬ್ಬ ಅಜ್ಜಿ ಮತ್ತು ಅವರ ಮಗಳು. ಮಗಳಿಗೆ ಏರ್‌ಪೋರ್ಟ್ ಹತ್ತಿರ ಕೆಲಸ, ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಅಜ್ಜಿ ಇಲ್ಲಿಗೆ ಬಂದು ಹತ್ತು ವರ್ಷವಾಗಿದ್ದರೂ "ಹಲೋ", "ಬೈ ಬೈ" ದಾಟಿರಲಿಲ್ಲ. ಶುರುವಿನಲ್ಲಿ ಅತ್ತೆ ಆ ಕಡೆ ಮುಖ ಹಾಕುತ್ತಿರಲಿಲ್ಲ. ಸುಳ್ಳೇಕೆ ಹೇಳಲಿ, ಕಾಯಿಲೆ ಅವರ ದೇಶದಿಂದ ಬಂತು ಅಂತ ನಮ್ಮ ಕನ್ನಡ ಚಾನೆಲ್‌ಗಳು ದಿನವಿಡೀ ಬಡಬಡಿಸುತ್ತಿದ್ದವು. ಮೇಲೆ ಆ ಬೇಸಿಗೆಯಲ್ಲಿ ಗಡಿಯಲ್ಲಿ ನಮ್ಮವರಿಗೂ ಅವರಿಗೂ ಜಟಾಪಟಿ. ಅತ್ತೆ ಹಿತ್ತಲ ಬಾಗಿಲಿಗೆ ಚಿಲಕ ಹಾಕಿಸಿದ್ದರು. ವೈರಸ್ಸಿಗೋ ಸೈನ್ಯಕ್ಕೋ ಗೊತ್ತಿಲ್ಲ.

ಆ ಚಿಲಕ ತೆಗೆಸಿದ್ದು ದಂಟಿನ ಸೊಪ್ಪು. ಒಂದು ದಿನ ಅತ್ತೆ ಮಹಡಿಯ ಕಿಟಕಿಯಿಂದ ಪಕ್ಕದ ಹಿತ್ತಲನ್ನು ನೋಡುತ್ತಿದ್ದವರು ಕಿರುಚಿಕೊಂಡರು.

"ಬಾರೇ ಇಲ್ಲಿ! ಅದು ದಂಟು ಕಣೇ, ಕೆಂಪು ದಂಟು!"

ಎಷ್ಟೋ ತಿಂಗಳಿಂದ ಸೂಪರ್‌ಮಾರ್ಕೆಟ್ಟಿನ ಪಾಲಕ್ ಪ್ಯಾಕೆಟ್ ತಿಂದು ನಾಲಿಗೆ ಕೆಟ್ಟಿದ್ದ ಅತ್ತೆ, ಐದು ನಿಮಿಷದಲ್ಲಿ ಕಾರ್ಡಿಗನ್ ಏರಿಸಿ ಗೋಡೆಯ ಹತ್ತಿರ ನಿಂತಿದ್ದರು. ಆ ಕಡೆಯಿಂದ ಒಂದು ಬಕೆಟ್ ತುಂಬ ಸೊಪ್ಪು ಗೋಡೆಯ ಮೇಲೆ ಬಂತು. ಈ ಕಡೆಯಿಂದ ಡಬ್ಬಿಯಲ್ಲಿ ಹುಳಿ ಹೋಯಿತು. ಹೋಗಿಬರುವ ಎಲ್ಲದರ ಮೇಲೂ ಅತ್ತೆ ಸ್ಯಾನಿಟೈಸರನ್ನು ತೀರ್ಥದ ಹಾಗೆ ಪ್ರೋಕ್ಷಣೆ ಮಾಡುತ್ತಿದ್ದರು. ಒಂದು ವಾರದಲ್ಲಿ ಪಕ್ಕದ ಮನೆಯ ಅಜ್ಜಿ "ನಮ್ಮ ಬೀಗಿತ್ತಿ" ಆಗಿಬಿಟ್ಟರು.

ಆ ಬೀಗಿತ್ತಿಯ ಕತೆ ಬಿಚ್ಚಿಕೊಂಡಿದ್ದು ಸೆಪ್ಟೆಂಬರಿನ ಒಂದು ಮಧ್ಯಾಹ್ನ. ನನ್ನ ಮಗಳು ಎಲೆ ಗುಡಿಸುವ ಕೋಲಿನ ಮೇಲೆ ಕುದುರೆ ಸವಾರಿ ಮಾಡುತ್ತಿದ್ದಳು. ಅಜ್ಜಿ ಗೋಡೆಯಾಚೆಯಿಂದ ನೋಡಿ ನೋಡಿ, ತಲೆ ಅಲ್ಲಾಡಿಸಿ, ಒಳಗೆ ಹೋಗಿ ನೆಲ ಒರೆಸುವ ಕೋಲು ತಂದರು. ತಂದವರೇ ಅದನ್ನು ಈಟಿಯಂತೆ ಹಿಡಿದು, ಕಡಿವಾಣ ಎಳೆಯುವವರಂತೆ ಎಡಗೈ ಮಡಿಚಿ, ಹಿತ್ತಲ ತುಂಬ ಕುದುರೆ ಓಡಿಸಿದರು! ಎಪ್ಪತ್ತು ದಾಟಿದವರು! ಶತ್ರು ಬೆನ್ನಟ್ಟಿದಂತೆ ಹಿಂದೆ ಹಿಂದೆ ನೋಡುತ್ತಾ ಹೆದರಿದ ಮುಖ ಮಾಡಿ ಓಡಿದರು. ಸೋತು ಓಡುತ್ತಿದ್ದಾರೆ ಅಂತ ನಾವು ಅಂದುಕೊಳ್ಳುವಷ್ಟರಲ್ಲಿ ಸರಕ್ಕನೆ ತಿರುಗಿ, ಭುಜದ ಮೇಲಿಂದ ಈಟಿ ಬೀಸಿ ಕಸದ ಡಬ್ಬಿಯ ಹೊಟ್ಟೆಗೆ ಚುಚ್ಚಿದರು. ಡಬ್ಬಿ ಧಡಾರನೆ ಬಿತ್ತು. ಅತ್ತೆ ಚಪ್ಪಾಳೆ ತಟ್ಟಿ "ಭಲೇ!" ಅಂತ ಕೂಗಿದರು. ನಾನು ಮೀಟಿಂಗಿನಲ್ಲಿದ್ದೆ, ಮ್ಯೂಟ್ ಮರೆತಿದ್ದೆ, ಆ ಭಲೇ ಡಬ್ಲಿನ್ನಿನ ಮ್ಯಾನೇಜರಿಗೂ ಕೇಳಿಸಿತು.

ಕತೆ ನಮಗೆ ತುಂಡುತುಂಡಾಗಿ ಸಿಕ್ಕಿತು. ಅರ್ಧ ಫೋನಿನ ಅನುವಾದದ ಆ್ಯಪ್ ಹೇಳಿದ್ದು, ಇನ್ನರ್ಧ ಸಂಜೆ ಅಜ್ಜಿಯ ಮಗಳು ಬಂದು ಗೋಡೆಯ ಬಳಿ ನಿಂತು ಬಿಡಿಸಿ ಹೇಳಿದ್ದು. ಸಾವಿರ ವರ್ಷದ ಹಿಂದೆ ಚೀನಾದ ಉತ್ತರದ ಗಡಿಯಲ್ಲಿ ಒಂದು ಮನೆತನವಿತ್ತಂತೆ. ಅದರ ಹೆಸರು ನನ್ನ ನಾಲಿಗೆಗೆ ಎಷ್ಟು ತಿರುಚಿದರೂ ಹತ್ತಲಿಲ್ಲ, ಅದಕ್ಕೆ ಬರೆಯುವುದಿಲ್ಲ. ಅಪ್ಪ ಮತ್ತು ಏಳು ಗಂಡುಮಕ್ಕಳು, ಎಲ್ಲರೂ ಕುದುರೆಯ ಮೇಲೆ, ಎಲ್ಲರ ಕೈಯಲ್ಲೂ ಉದ್ದನೆಯ ಈಟಿ. ಓಡಿಹೋಗುವಂತೆ ನಟಿಸಿ ತಿರುಗಿ ಚುಚ್ಚುವುದು ಅವರ ಮನೆಯ ವರಸೆ. ಗಡಿಯಾಚೆಯ ಸೈನ್ಯಕ್ಕೆ ಅವರ ಬಾವುಟ ಕಂಡರೆ ನಡುಕ. ಆದರೆ ಒಂದು ಯುದ್ಧದಲ್ಲಿ ಸಹಾಯಕ್ಕೆ ಬರಬೇಕಾದವರು ಬರಲಿಲ್ಲ. ಅಪ್ಪ ಹೋದ, ಮಕ್ಕಳಲ್ಲಿ ಹೆಚ್ಚಿನವರು ಹೋದರು. ಆಮೇಲೆ? ಆಮೇಲೆ ಮನೆಯ ಮುದುಕಿ ದಂಡ ಹಿಡಿದು ಎದ್ದು ನಿಂತಳು. ವಿಧವೆಯಾಗಿದ್ದ ಸೊಸೆಯಂದಿರನ್ನೆಲ್ಲ ಕುದುರೆ ಹತ್ತಿಸಿದಳು. ಗಡಿಗೆ ಹೊರಟಳು.

ಅತ್ತೆ ಅದನ್ನು ಕೇಳಿ ಗೋಡೆ ಹಿಡಿದುಕೊಂಡು ನಿಂತುಬಿಟ್ಟರು.

"ಅತ್ತೆ ಸೊಸೇರು ಒಟ್ಟಿಗೆ ಯುದ್ಧಕ್ಕೆ ಹೋದ್ರಂತೇನೇ?"

"ಹೌದಂತೆ ಅತ್ತೆ. ಒಬ್ಬರ ಮೇಲೊಬ್ಬರು ಅಲ್ಲ, ಒಟ್ಟಿಗೆ."

"ನಿಂಗೆ ಮಾತು ಮಾತ್ರ ಚೆನ್ನಾಗಿ ಬರತ್ತೆ," ಅಂದರು ಅತ್ತೆ. ಆದರೂ ನಕ್ಕರು.

ಆ ವರ್ಷದ ದಸರೆಗೆ ಮನೆಯಲ್ಲಿ ಆ ಮನೆತನವನ್ನೇ ಕೂರಿಸಬೇಕು ಅಂತ ಅತ್ತೆ ಅಂದೇ ತೀರ್ಮಾನಿಸಿದರು. ಮೈಸೂರಿನವರಿಗೆ ಬೊಂಬೆ ಕೂರಿಸದೆ ದಸರೆಯಿಲ್ಲ. ಒಂಬತ್ತು ಮೆಟ್ಟಿಲು ಕಟ್ಟಿ, ಮೇಲಿನ ಮೆಟ್ಟಿಲಲ್ಲಿ ಮದುವೆಯಲ್ಲಿ ತವರಿನಿಂದ ಬಂದ ಮರದ ರಾಜ ರಾಣಿಯರನ್ನು, ಪಟ್ಟದ ಬೊಂಬೆಗಳನ್ನು, ಇಡುವುದು ರೂಢಿ. ನಮ್ಮ ಪಟ್ಟದ ಬೊಂಬೆಗಳು ಮೈಸೂರಿನ ಬೀರುವಿನಲ್ಲಿದ್ದವು. ಹಾಗಾಗಿ ಮೇಲಿನ ಸ್ಥಾನ ದಂಡ ಹಿಡಿದ ಮುದುಕಿಗೆ ಸಿಕ್ಕಿತು.

ಬೊಂಬೆ ಮಾಡುವುದನ್ನು ಬೀಗಿತ್ತಿ ಕಲಿಸಿದರು. ಅವರ ಊರಿನಲ್ಲಿ ಹಿಟ್ಟಿನಲ್ಲೇ ಬೊಂಬೆ ಮಾಡುತ್ತಾರಂತೆ. ಗೋಧಿ ಹಿಟ್ಟು, ಅಕ್ಕಿ ಹಿಟ್ಟು ಕಲಸಿ, ಹಬೆಯಲ್ಲಿ ಬೇಯಿಸಿ, ಬಣ್ಣ ಹಾಕಿ ನಾದಿ, ಬಿಸಿ ಆರುವ ಮೊದಲೇ ಬೆರಳಲ್ಲಿ ತಿದ್ದಬೇಕು. ಅತ್ತೆ ಆ ಹಿಟ್ಟನ್ನು ಮುಟ್ಟಿದ್ದೇ ತಡ, "ಅಯ್ಯೋ, ಇದು ನಮ್ಮ ಕಡುಬಿನ ಹಿಟ್ಟಿನ ಹದಾನೇ!" ಅಂದರು. ಆಮೇಲೆ ಇಬ್ಬರನ್ನೂ ಹಿಡಿಯುವವರಿಲ್ಲ. ಗೋಡೆಯ ಆ ಕಡೆ ಒಂದು ಮೇಜು, ಈ ಕಡೆ ಒಂದು ಮೇಜು. ಅವರು ಮುಖ ತಿದ್ದಿದರು, ಅತ್ತೆ ಕುದುರೆ ಮಾಡಿದರು. ಕುದುರೆಯ ಕಾಲು ನಿಲ್ಲದೆ ಸವಾರರೆಲ್ಲ ಮೂಗಿನ ಮೇಲೆ ಬೀಳುತ್ತಿದ್ದರು. ನಾನು ಬಾರ್ಬೆಕ್ಯೂ ಕಡ್ಡಿಗಳನ್ನು ಮುರಿದು ಒಳಗೆ ಸೇರಿಸಿದೆ, ನಿಂತವು! ಅತ್ತೆ ಜೀವಮಾನದಲ್ಲಿ ಮೊದಲ ಬಾರಿಗೆ "ಪರವಾಗಿಲ್ಲ, ಬುದ್ಧಿ ಇದೆ" ಅಂದರು. ಆ ದಿನವೆಲ್ಲ ನಾನು ನೆಲದ ಮೇಲೆ ನಡೆಯಲಿಲ್ಲ.

ಸತ್ತ ಮಕ್ಕಳನ್ನು ಹೇಗೆ ತೋರಿಸುವುದು ಅಂತ ಅತ್ತೆಗೆ ಒಂದು ಸಂಶಯ. ಮಲಗಿಸಿ ಮಾಡಬೇಕಾ? ಆ್ಯಪಿನಲ್ಲಿ ಕೇಳಿಸಿದಾಗ ಬೀಗಿತ್ತಿ ಎರಡೂ ಕೈ ಆಡಿಸಿ ಬೇಡವೇ ಬೇಡ ಅಂದರು. ಏಳು ಜನರನ್ನೂ ಕುದುರೆಯ ಮೇಲೆ ನೆಟ್ಟಗೆ ಕೂರಿಸಿದರು. ಆ ಮಾತನ್ನು ನಾನು ಆಗಲೇ ಗಟ್ಟಿಯಾಗಿ ತಲೆಗೆ ಹಾಕಿಕೊಳ್ಳಬೇಕಿತ್ತು.

ಬೀಗಿತ್ತಿಗೆ ಈ ಮನೆತನದ ಮೇಲೆ ಯಾಕಿಷ್ಟು ಪ್ರಾಣ ಅಂತ ಅವರ ಮಗಳು ಹಬ್ಬಕ್ಕೆ ಮೂರು ದಿನ ಮುಂಚೆ ಹೇಳಿದಳು. ಅಮ್ಮನ ಹೊಟ್ಟೆಯಲ್ಲಿ ಗೆಡ್ಡೆ ಇದೆ, ಆಪರೇಷನ್ ಆಗಬೇಕು. ಆಸ್ಪತ್ರೆಯಲ್ಲಿ ಕೊರೊನಾ ಜಾಸ್ತಿಯಾಗಿ ಎರಡು ಸಲ ಮುಂದಕ್ಕೆ ಹೋಗಿದೆ, ಇನ್ನು ತಡ ಮಾಡುವಂತಿಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಈಗ ಸಿಕ್ಕಿರುವ ದಿನ ತಪ್ಪಿಸಿದರೆ ಇನ್ನೊಂದು ಯಾವಾಗ ಸಿಗುತ್ತದೋ ಯಾರಿಗೂ ಗೊತ್ತಿಲ್ಲ. ಆದರೆ ಜೊತೆಗೆ ಯಾರನ್ನೂ ಒಳಗೆ ಬಿಡುವುದಿಲ್ಲ. ಭಾಷೆ ಬಾರದ ಅಮ್ಮ ಒಬ್ಬಳೇ ಆ ಬಾಗಿಲು ದಾಟಬೇಕು. ಈ ವರ್ಷ ಒಬ್ಬರೇ ಒಳಗೆ ಹೋದವರು ಹೊರಗೆ ಬರುವುದಿಲ್ಲ ಅಂತ ಅಮ್ಮ ಹಟ ಹಿಡಿದಿದ್ದಳು. ಬೊಂಬೆ ಮಾಡಲು ಶುರುಮಾಡಿದ ಮೇಲೆ ತಾನಾಗಿಯೇ ಒಪ್ಪಿದಳು. ಆ ಮುದುಕಿ ನೂರನೇ ವಯಸ್ಸಿನಲ್ಲಿ ಗಡಿಗೆ ಹೋದಳು, ನಾನು ಈ ವಯಸ್ಸಿಗೆ ಇಷ್ಟು ದೂರ ಹೋಗಲಾರೆನಾ ಅಂದಳಂತೆ.

ಇಷ್ಟು ಹೇಳುವಾಗ ಆ ಹುಡುಗಿಯ ಮಾಸ್ಕ್ ಕಣ್ಣೀರಿನಲ್ಲಿ ಒದ್ದೆಯಾಗಿತ್ತು. ಆಪರೇಷನ್ನಿಗೆ ಸೇರಬೇಕಾದ ದಿನ ವಿಜಯದಶಮಿಯ ಮಾರನೆಯ ಬೆಳಿಗ್ಗೆ. ನಾನು ಅತ್ತೆಗೆ ಹೇಳಿದೆ. ಅತ್ತೆ ಮುದುಕಿಯ ಬೊಂಬೆಯ ದಂಡಕ್ಕೆ ಇನ್ನೊಂದು ಸುತ್ತು ಚಿನ್ನದ ಬಣ್ಣದ ದಾರ ಸುತ್ತಿದರು.

ಅಷ್ಟರಲ್ಲಿ ಮತ್ತೆ ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಕಟ್ಟು ಬರುತ್ತದೆ ಅಂತ ಸುದ್ದಿ. ಯಾರ ಮನೆಗೂ ಯಾರೂ ಹೋಗುವಂತಿಲ್ಲ. ಬೊಂಬೆ ನೋಡಲು ಮಕ್ಕಳಿಲ್ಲ, ಅವರ ಕೈಗಿಡುವ ತಿಂಡಿಯ ಬೊಂಬೆ ಬಾಗಿನವಿಲ್ಲ, ಕುಂಕುಮಕ್ಕೆ ಬರುವವರಿಲ್ಲ. ಅದಕ್ಕೆ ನಾನು ಒಂದು ಉಪಾಯ ಹೂಡಿದೆ. ಮೆಟ್ಟಿಲನ್ನು ಒಳಗೆ ಕಟ್ಟುವ ಬದಲು ರಸ್ತೆಯ ಕಡೆಯ ದೊಡ್ಡ ಕಿಟಕಿಯಲ್ಲಿ ಹೊರಗೆ ಮುಖ ಮಾಡಿ ಕಟ್ಟಿದೆವು. ಅದು ಹ್ಯಾಲೋವೀನ್ ಸಮಯ. ಬೀದಿಯ ಕಿಟಕಿಗಳಲ್ಲೆಲ್ಲ ಅಸ್ಥಿಪಂಜರ, ಕುಂಬಳಕಾಯಿ, ಜೇಡರ ಬಲೆ. ನಮ್ಮ ಕಿಟಕಿಯಲ್ಲಿ ಮಾತ್ರ ಬಣ್ಣಬಣ್ಣದ ಕುದುರೆ ದಂಡು! ನಾವು ನಾಯಿಯವರು ಅಂತ ಕರೆಯುತ್ತಿದ್ದ, ನಾಯಿ ಸಾಕಿದ ಎದುರು ಮನೆಯವರು ನಿಂತು ನೋಡಿ "ನಿಮ್ಮ ಹ್ಯಾಲೋವೀನ್ ಗ್ರ್ಯಾಂಡ್ ಆಗಿದೆ" ಅಂದರು. ನನ್ನ ಮಗಳು ಅದನ್ನು ಅತ್ತೆಗೆ ಅನುವಾದ ಮಾಡಲು ಹೋಗಿ ಬೈಸಿಕೊಂಡಳು.

ಮೈಸೂರಿನಿಂದ ನಾದಿನಿಯ ವಿಡಿಯೊ ಕಾಲ್ ಬಂತು.

"ಅಮ್ಮಾ, ಗಡೀಲಿ ಇಷ್ಟೆಲ್ಲಾ ನಡೀತಿರೋವಾಗ ಚೀನಾದವರನ್ನ ಬೊಂಬೆ ಕೂರಿಸಿದ್ದೀಯಾ? ಯಾರಾದ್ರೂ ನೋಡಿದ್ರೆ ಏನಂತಾರೆ?"

"ಗಡೀಲಿ ಮಕ್ಕಳನ್ನ ಕಳ್ಕೊಂಡ ತಾಯಿ ಕಣೇ ಇವಳು," ಅಂದರು ಅತ್ತೆ. "ಅವಳ ದೇಶ ಯಾವುದಾದ್ರೆ ನಿಂಗೇನು? ನೀನು ಆರತಿ ಹಾಡು, ಇಲ್ಲಾ ಫೋನಿಡು."

ನಾದಿನಿ ಆರತಿ ಹಾಡಿದಳು. ಅತ್ತೆ ಹೀಗೆ ಮಾತಾಡಬಲ್ಲರು ಅಂತ ನನಗೆ ಅಷ್ಟು ವರ್ಷವಾದರೂ ಗೊತ್ತಿರಲಿಲ್ಲ. ಹೆಮ್ಮೆಯಾಯಿತು, ಬಾಯಿಬಿಟ್ಟು ಹೇಳಲಿಲ್ಲ.

ಹಬ್ಬದ ದಿನಗಳಲ್ಲೆಲ್ಲ ಬೀಗಿತ್ತಿ ಬೆಳಿಗ್ಗೆ ವಾಕಿಂಗ್ ಹೊರಟವರು ನಮ್ಮ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಮೇಲಿನ ಮೆಟ್ಟಿಲ ಮುದುಕಿಯನ್ನು ನೋಡಿ ಬೆನ್ನು ನೆಟ್ಟಗೆ ಮಾಡಿ, ಒಂದು ಸಲ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು. ದಿನದಿನಕ್ಕೆ ಅವರ ನಡಿಗೆಯಲ್ಲಿ ಗತ್ತು ಹೆಚ್ಚುತ್ತಿತ್ತು. ಅತ್ತೆ ಪರದೆಯ ಹಿಂದೆ ನಿಂತು ನೋಡಿ ಖುಷಿಪಡುತ್ತಿದ್ದರು.

ವಿಜಯದಶಮಿಯ ಸಂಜೆ ಆರತಿಯಾಯಿತು. ಹಬ್ಬ ಮುಗಿಯಿತು ಅನ್ನುವುದಕ್ಕೆ ಆ ಸಂಜೆ ಪಟ್ಟದ ಬೊಂಬೆಯನ್ನು ಮಲಗಿಸುವುದು ನಮ್ಮ ಪದ್ಧತಿ. ಒಂಬತ್ತು ದಿನ ನಿಂತು ದಣಿದಿರುತ್ತಾರೆ, ಮಲಗಲಿ ಅಂತ. ಅತ್ತೆ ಕಿಟಕಿಯ ಕಡೆ ಕೈ ತೋರಿಸಿ "ಮನೆ ಸೊಸೆ ನೀನು, ನೀನೇ ಮಲಗಿಸು" ಅಂದರು. ಆ ಕೆಲಸವನ್ನು ಅವರು ನನಗೆ ಎಂದೂ ಬಿಟ್ಟುಕೊಟ್ಟವರಲ್ಲ. ನಾನು ಉಬ್ಬಿಹೋದೆ. ದಂಡ ಹಿಡಿದ ಮುದುಕಿಯನ್ನು ಮೆಲ್ಲಗೆ ಎತ್ತಿ, ಆ ಮೆಟ್ಟಿಲ ಮೇಲೇ ಅಂಗಾತ ಮಲಗಿಸಿದೆ. ಸಾಲದು ಅಂತ ನನ್ನ ಅತಿಬುದ್ಧಿ ಬೇರೆ. ಕಿಟಕಿಯ ಹತ್ತಿರ ಚಳಿ ಅಂತ ಒಂದು ಬಿಳಿ ಕರ್ಚೀಫನ್ನು ಕುತ್ತಿಗೆಯವರೆಗೂ ಹೊದಿಸಿದೆ.

ಮಾರನೆಯ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ಕಿಟಕಿಯ ಬಳಿ ಬಂದೆ. ಹೊರಗೆ ಬೀಗಿತ್ತಿ ನಿಂತಿದ್ದರು. ಕೋಟು, ಮಾಸ್ಕ್, ಕೈಯಲ್ಲಿ ಒಂದು ಪುಟ್ಟ ಬ್ಯಾಗು. ಹಿಂದೆ ಅವರ ಮಗಳು ಕಾರಿನ ಬಾಗಿಲು ತೆಗೆದು ಕಾಯುತ್ತಿದ್ದಳು. ಅಜ್ಜಿಯ ಕಣ್ಣು ಮೇಲಿನ ಮೆಟ್ಟಿಲಲ್ಲೇ ನೆಟ್ಟಿತ್ತು. ಅಲ್ಲಿ ಅವರ ಮುದುಕಿ ಅಂಗಾತ ಬಿದ್ದಿದ್ದಾಳೆ, ಮೇಲೆ ಬಿಳಿ ಬಟ್ಟೆ. ಬೀಗಿತ್ತಿಯ ಕೈಯಿಂದ ಬ್ಯಾಗು ಜಾರಿತು. ಅವರು ತಿರುಗಿ, ತಮ್ಮ ಮನೆಯ ಹೊಸ್ತಿಲ ಮೇಲೆ ಹೋಗಿ ಕೂತುಬಿಟ್ಟರು.

ಅಯ್ಯೋ ಪಾಪಿ, ಏನು ಮಾಡಿದೆ ನಾನು!

ನೈಟಿಯ ಮೇಲೆ ಕೋಟು ಎಳೆದುಕೊಂಡು, ಬೊಂಬೆಯನ್ನು ಕರ್ಚೀಫ್ ಸಮೇತ ಬಾಚಿಕೊಂಡು ಹೊರಗೆ ಓಡಿದೆ. ಅವರ ಮುಂದೆ ಅದನ್ನು ಎತ್ತಿ ನಿಲ್ಲಿಸಿ ತೋರಿಸಿದೆ. ಹತ್ತು ದಿನ ಒಣಗಿದ ಹಿಟ್ಟು, ನನ್ನ ಅವಸರದ ಕೈ. ದಂಡ ಹಿಡಿದ ತೋಳು ಲಟಕ್ಕನೆ ಮುರಿದು ಹುಲ್ಲಿನ ಮೇಲೆ ಬಿತ್ತು. ಬೀಗಿತ್ತಿ ಕಣ್ಣು ಮುಚ್ಚಿಕೊಂಡರು. ಅವರ ಮಗಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬೇಡಿಕೊಳ್ಳುತ್ತಿದ್ದಳು. ನಾನು ಅವಳಿಗೆ ಇಂಗ್ಲಿಷಿನಲ್ಲಿ ನಮ್ಮ ಪದ್ಧತಿ ವಿವರಿಸಿದೆ, ಅವಳು ಅವರ ಭಾಷೆಯಲ್ಲಿ ಹೇಳಿದಳು. ಅಜ್ಜಿ ತಲೆ ಅಲ್ಲಾಡಿಸಿದರು. ತನ್ನನ್ನು ಹೊರಡಿಸೋಕೆ ಕಟ್ಟಿದ ಮಾತು ಅಂತಿದ್ದಾಳೆ ಅಮ್ಮ, ಅಂದಳು ಮಗಳು. ಗಡಿಯಾರ ನೋಡಿಕೊಂಡಳು. ಇನ್ನು ಕಾಲು ಗಂಟೆಯಲ್ಲಿ ಹೊರಡದಿದ್ದರೆ ಆಸ್ಪತ್ರೆಯ ಸಮಯ ತಪ್ಪುತ್ತದೆ.

ನಾನು ಅಳುವುದೊಂದು ಬಾಕಿ. ಆಗ ಹಿಂದೆ ಬಾಗಿಲು ತೆರೆಯಿತು.

ಅತ್ತೆ ಬಂದರು. ಸೀರೆಯ ಮೇಲೆ ಕಾರ್ಡಿಗನ್, ಕಾಲಲ್ಲಿ ನನ್ನ ಗಂಡನ ಸ್ನೀಕರ್. ಎಲ್ಲರನ್ನೂ ಒಮ್ಮೆ ನೋಡಿದರು. ಬೊಂಬೆಯ ಮುರಿದ ತೋಳನ್ನೂ ನೋಡಿದರು. ಇವತ್ತು ನನಗೆ ಮಂಗಳಾರತಿ ಅಂದುಕೊಂಡೆ. ಅವರು ನನ್ನ ಕೈಯಿಂದ ಆ ಬಿಳಿ ಕರ್ಚೀಫ್ ಕಿತ್ತುಕೊಂಡರು, ನಮ್ಮ ಮುಂದಿನ ಹುಲ್ಲಿನ ನಡುವೆ ಹೋಗಿ ನಿಂತರು. ಆಮೇಲೆ, ರಾತ್ರಿ ಮಳೆಗೆ ತೊಯ್ದು ಚಪಚಪ ಅನ್ನುತ್ತಿದ್ದ ಆ ಹುಲ್ಲಿನ ಮೇಲೆ, ಎಪ್ಪತ್ತೊಂದು ವರ್ಷದ ನನ್ನ ಅತ್ತೆ ಅಂಗಾತ ಮಲಗಿದರು! ಕರ್ಚೀಫನ್ನು ಎದೆಯ ಮೇಲೆ ಹಾಸಿಕೊಂಡರು. ಕಣ್ಣು ಮುಚ್ಚಿದರು. ಗೊರಕೆ ಹೊಡೆಯತೊಡಗಿದರು.

ಅದು ಎಂಥ ಗೊರಕೆ! ಎದುರು ಮನೆಯ ನಾಯಿ ಬೊಗಳಿತು. ನಾಯಿಯವರು ಫುಟ್‌ಪಾತ್ ಮೇಲೇ ನಿಂತರು. ನನ್ನ ಮಗಳು ಮಹಡಿಯ ಕಿಟಕಿ ತೆರೆದು "ಮಮ್, ಈಸ್ ಅಜ್ಜಿ ಆಲ್‌ರೈಟ್?" ಅಂತ ಕೂಗಿದಳು. ಬೀಗಿತ್ತಿ ಕಣ್ಣು ಬಿಟ್ಟು ಎದ್ದು ನಿಂತರು.

ಅತ್ತೆ ಗೊರಕೆ ನಿಲ್ಲಿಸಿದರು. ದೊಡ್ಡದಾಗಿ ಆಕಳಿಸಿದರು. ಕೈ ಚಾಚಿ ಮೈ ಮುರಿದರು. "ಬೆಳಗಾಯ್ತು!" ಅಂದರು, ಆಕಾಶ ತೋರಿಸಿದರು. ಬೊಂಬೆಯ ಕಡೆ ಬೆರಳು ಮಾಡಿ, ತಮ್ಮ ಎದೆಗೆ ಮುಟ್ಟಿಸಿಕೊಂಡು, ಮಲಗಿ ಏಳುವುದಷ್ಟೇ ಅನ್ನುವ ಹಾಗೆ ಕೈ ಆಡಿಸಿ ಏಳಲು ಹೋದರು. ಏಳಲಾಗಲಿಲ್ಲ. ಮೊಣಕೈ ಊರಿ ಅರ್ಧ ಎದ್ದರು, ಮಂಡಿ ಹಿಡಿದುಕೊಂಡಿತು, ಮತ್ತೆ ಕುಸಿದರು. ಇನ್ನೊಂದು ಸಲ ಪ್ರಯತ್ನಿಸಿದರು. ಮುಖದಲ್ಲಿ ನಾಟಕ ಹೋಗಿ ನಿಜವಾದ ನೋವು ಬಂತು.

ನಾನು ಮುಂದಕ್ಕೆ ಜಿಗಿದೆ. ಅಷ್ಟರಲ್ಲಿ ಬೀಗಿತ್ತಿ ನನ್ನನ್ನು ಪಕ್ಕಕ್ಕೆ ತಳ್ಳಿ ದಾಟಿದರು. ಎರಡು ಮೀಟರಿನ ಲೆಕ್ಕ, ಸ್ಯಾನಿಟೈಸರಿನ ಪ್ರೋಕ್ಷಣೆ, ಒಂದೂ ಇಲ್ಲ. ಹುಲ್ಲಿನ ಮೇಲೆ ಕಾಲೂರಿ, ಅತ್ತೆಯ ಎರಡೂ ಕೈ ಹಿಡಿದು, ಏನೋ ಒಂದು ಕೂಗಿ ಎಳೆದರು. ಅತ್ತೆ ಎದ್ದು ನಿಂತರು. ಸೀರೆಯ ಹಿಂಭಾಗವೆಲ್ಲ ಕೆಸರು. ಅಷ್ಟು ತಿಂಗಳು ಗೋಡೆಯ ಎರಡು ಕಡೆ ನಿಂತಿದ್ದ ಆ ಇಬ್ಬರು ಮುದುಕಿಯರು ಕೈ ಬಿಡದೆ ಮುಖ ಮುಖ ನೋಡಿಕೊಂಡು ನಿಂತರು. ಬೀಗಿತ್ತಿ ಮೊದಲು ನಕ್ಕರು. ಆಮೇಲೆ ತಾವೇ ಬ್ಯಾಗು ಎತ್ತಿಕೊಂಡು, ಹುಲ್ಲಿನ ಮೇಲೆ ಬಿದ್ದಿದ್ದ ದಂಡದ ತೋಳನ್ನು ಕೋಟಿನ ಜೇಬಿಗೆ ಹಾಕಿಕೊಂಡು, ಕಾರು ಹತ್ತಿದರು.

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ನಾನು "ಹೋದ್ರು! ಹೋದ್ರು ಅತ್ತೆ!" ಅಂತ ಕುಣಿಯುತ್ತಿದ್ದೆ. ನಾಯಿಯವರೂ ಯಾಕೆಂದು ತಿಳಿಯದೆ ಚಪ್ಪಾಳೆ ತಟ್ಟಿದರು.

ಬೊಂಬೆಗಳನ್ನು ಪೆಟ್ಟಿಗೆಗೆ ಹಾಕಲು ಅತ್ತೆ ಬಿಡಲಿಲ್ಲ. ಮಾರನೆಯ ದಿನ ಸಂಜೆ ಪಕ್ಕದ ಮನೆಯ ಮಗಳು ನಮ್ಮ ಕಿಟಕಿಯನ್ನು ಎರಡೂ ಅಂಗೈಯಲ್ಲಿ ಬಡಿದಳು. ಗಾಜಿನಾಚೆ ಅವಳು ಅಳುತ್ತಾ ಹೆಬ್ಬೆರಳು ಎತ್ತಿದಳು. ಗೆಡ್ಡೆ ಪೂರ್ತಿ ತೆಗೆದಿದ್ದಾರೆ, ಅಮ್ಮ ಎಚ್ಚರವಾಗಿ ಗಂಜಿ ಕೇಳಿದ್ದಾಳೆ! ನಾನು ಕಿರುಚಿದೆ, ಮಗಳು ಕಿರುಚಿದಳು, ಮಹಡಿಯಿಂದ ಗಂಡ ಹೆಡ್‌ಫೋನ್ ಸಮೇತ ಇಳಿದು ಬಂದ. ಅತ್ತೆ ಮಾತ್ರ ಸೋಫಾದಲ್ಲಿ ಕೂತೇ ಇದ್ದರು. ಅವರ ಮಂಡಿ ಊದಿ ಸೋರೆಕಾಯಿಯಾಗಿತ್ತು.

ಗಲಾಟೆ ಇಳಿದ ಮೇಲೆ ನಾನು ಅವರ ಪಕ್ಕ ಕೂತೆ. ಎರಡು ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ.

"ಮಲಗಿದ್ರೆ ಏಳೋಕಾಗಲ್ಲ ಅಂತ ನಿಮಗೆ ಗೊತ್ತಿತ್ತಲ್ವಾ ಅತ್ತೆ? ಆ ಚಳೀಲಿ, ಆ ಕೆಸರಲ್ಲಿ ಯಾಕೆ ಹಾಗೆ ಮಾಡಿದ್ರಿ?"

"ಗೊತ್ತಿತ್ತು," ಅಂದರು ಅತ್ತೆ. "ನೀನು ಹಿಂದೆ ನಿಂತಿದ್ಯಲ್ಲ, ಎಬ್ಬಿಸ್ತೀಯ ಅಂತ ಮಲಗಿದೆ."

ಇದನ್ನು ಅವರು ಸಾರಿಗೆ ಇಂಗು ಹಾಕಿದ್ಯಾ ಅಂತ ಕೇಳುವ ದನಿಯಲ್ಲೇ ಹೇಳಿದರು. ನನಗೆ ಅಳು ಬಂತು. ಎದ್ದು ಹೋಗಿ ಎಣ್ಣೆ ಬಿಸಿ ಮಾಡಿ ತಂದು, ನೆಲದ ಮೇಲೆ ಕೂತು ಅವರ ಮಂಡಿಗೆ ಹಚ್ಚಿದೆ.